ಮಂಗಳೂರಿನಿಂದ ಮೂರು ದಿನ: ನಾಗರಹೊಳೆ ಸಫಾರಿಯೂ ಆಗಬೇಕು, ಮೈಸೂರೂ ನೋಡಬೇಕು ಅನ್ನುವವರಿಗೆ

ರಜೆ ಹತ್ತಿರ ಬಂತೆಂದರೆ ಮಂಗಳೂರು, ಉಡುಪಿ ಕಡೆಯ ಓದುಗರಿಂದ ಬರುವ ಪ್ರಶ್ನೆ ಒಂದೇ. ಮೂರು ದಿನ ಬಿಡುವು ಉಂಟು, ಮಕ್ಕಳಿಗೆ ಕಾಡುಪ್ರಾಣಿ ತೋರಿಸಬೇಕು, ಮನೆಯ ಹಿರಿಯರಿಗೆ ಮೈಸೂರು ನೋಡುವ ಆಸೆ, ಎರಡೂ ಒಂದೇ ಸಲ ಆಗ್ತದಾ?

ಆಗುತ್ತದೆ. ಆದರೆ ಹೆಚ್ಚಿನವರು ಮೊದಲು ಮೈಸೂರಿನಲ್ಲಿ ಹೋಟೆಲ್ ಬುಕ್ ಮಾಡುತ್ತಾರೆ, ಆಮೇಲೆ ಸಫಾರಿ ಸೀಟು ಹುಡುಕುತ್ತಾರೆ. ಅಲ್ಲೇ ಕೆಡುವುದು. ಮೈಸೂರಿನಲ್ಲಿ ಹೋಟೆಲ್ ಯಾವಾಗಲೂ ಸಿಗುತ್ತದೆ. ಅರಮನೆ ಬೆಳಗ್ಗಿನಿಂದ ಸಂಜೆವರೆಗೆ ತೆರೆದಿರುತ್ತದೆ. ಸಫಾರಿ ಹಾಗಲ್ಲ. ದಿನಕ್ಕೆ ಎರಡೇ ಹೊತ್ತು, ಎಣಿಸಿದಷ್ಟೇ ಗಾಡಿ, ತಡವಾದರೆ ಯಾರೂ ಕಾಯುವುದಿಲ್ಲ. ಹಾಗಾಗಿ ಮೊದಲು ಸಫಾರಿ ಸೀಟು ಕೈಗೆ ಬರಲಿ. ಉಳಿದದ್ದನ್ನು ಅದರ ಸುತ್ತ ಜೋಡಿಸಿ. ಕೆಳಗಿನ ಹಂತಗಳೂ ಅದೇ ಕ್ರಮದಲ್ಲಿವೆ.

1. ಯಾವ ತಿಂಗಳು, ಯಾವ ವಾರ?

ಆನೆ ನೋಡಬೇಕೆಂದರೆ ಮಾರ್ಚ್‌ನಿಂದ ಮೇ ಒಳ್ಳೆಯದು. ಕಬಿನಿ ನದಿಗೆ ಬೀಚನಹಳ್ಳಿಯಲ್ಲಿ 1974ರಲ್ಲಿ ಅಣೆಕಟ್ಟು ಕಟ್ಟಿದ ಮೇಲೆ ನಾಗರಹೊಳೆ ಕಾಡಿನ ಅಂಚಿನವರೆಗೂ ಹಿನ್ನೀರು ನಿಲ್ಲುತ್ತದೆ. ಬೇಸಿಗೆಯಲ್ಲಿ ಆ ನೀರು ಇಳಿಯುತ್ತದೆ, ಇಳಿದ ಜಾಗದಲ್ಲಿ ಹಸಿ ಹುಲ್ಲು ಏಳುತ್ತದೆ. ಕಾಡಿನ ಒಳಗಿನ ಕೆರೆಗಳು ಒಣಗಿರುವ ಹೊತ್ತು ಅದು. ಹಾಗಾಗಿ ಸುತ್ತಲಿನ ಆನೆ ಹಿಂಡುಗಳೆಲ್ಲ ಅಲ್ಲಿಗೆ ಬರುತ್ತವೆ. ಬಿಸಿಲು ಜೋರು, ಕಾಡು ಬೋಳು ಬೋಳಾಗಿ ಕಾಣುತ್ತದೆ, ಆದರೆ ಪೊದೆ ಒಣಗಿರುವುದರಿಂದ ಪ್ರಾಣಿ ಕಣ್ಣಿಗೆ ಬೀಳುವುದು ಸುಲಭ.

ನವೆಂಬರ್‌ನಿಂದ ಫೆಬ್ರವರಿ ಕಾಡು ಚೆಂದ, ಬೆಳಗ್ಗೆ ಚಳಿ. ನಮ್ಮ ಕರಾವಳಿಯ ಸೆಕೆಗೆ ಒಗ್ಗಿದ ಮೈಗೆ ಅದು ಜಾಸ್ತಿಯೇ ಅನ್ನಿಸಬಹುದು. ಜೂನ್‌ನಿಂದ ಸೆಪ್ಟೆಂಬರ್ ನನ್ನ ಮಟ್ಟಿಗೆ ಬೇಡ. ಕಾಡಿನಲ್ಲಿ ಎಲ್ಲೆಲ್ಲೂ ನೀರಿರುತ್ತದೆ, ಪ್ರಾಣಿಗಳು ದಾರಿ ಬದಿಗೆ ಬರುವ ಅಗತ್ಯವೇ ಇಲ್ಲ. ಅದಕ್ಕಿಂತ ದೊಡ್ಡ ತೊಂದರೆ ಘಾಟಿಯದು. 2018ರ ಆಗಸ್ಟ್‌ನಲ್ಲಿ ಜೋಡುಪಾಲದ ಬಳಿ ಗುಡ್ಡ ಕುಸಿದು ಸಂಪಾಜೆ-ಮಡಿಕೇರಿ ರಸ್ತೆಯೇ ಹೋಗಿತ್ತು, ನೆನಪಿದೆ ಅಲ್ವಾ?

ಇನ್ನು ವಾರ. ಮೈಸೂರು ಅರಮನೆಗೆ ದೀಪ ಹಚ್ಚುವುದು ಭಾನುವಾರ ಮತ್ತು ಸರ್ಕಾರಿ ರಜೆಯ ದಿನ ಸಂಜೆ ಏಳರ ಹೊತ್ತಿಗೆ. ಮೃಗಾಲಯ ಮಂಗಳವಾರ ಮುಚ್ಚಿರುತ್ತದೆ. ಈ ಎರಡನ್ನೂ ಇಟ್ಟುಕೊಂಡು ಲೆಕ್ಕ ಹಾಕಿದರೆ ಶನಿವಾರ ಹೊರಟು ಸೋಮವಾರ ರಾತ್ರಿ ಮನೆಗೆ ಬರುವುದು ಸರಿಹೋಗುತ್ತದೆ. ಶನಿವಾರ ಕಾಡು, ಭಾನುವಾರ ಸಂಜೆ ಅರಮನೆ ದೀಪ, ಸೋಮವಾರ ಮೃಗಾಲಯ. ಒಂದೇ ಕಷ್ಟ ಎಂದರೆ ಶನಿವಾರದ ಸಂಜೆ ಸಫಾರಿಗೆ ನೂಕುನುಗ್ಗಲು. ಸೀಟು ಸಿಗದಿದ್ದರೆ ದೀಪದ ಆಸೆ ಬಿಟ್ಟು ವಾರದ ನಡುವೆ ಹೋಗಿ, ಕಾಡು ಶಾಂತವಾಗಿರುತ್ತದೆ. ಆಗ ಮೃಗಾಲಯದ ದಿನ ಮಂಗಳವಾರ ಆಗದ ಹಾಗೆ ನೋಡಿಕೊಂಡರೆ ಸಾಕು.

2. ಯಾವ ಗೇಟು? ಇದನ್ನು ನಿಧಾನವಾಗಿ ಓದಿ

ಅತಿ ಹೆಚ್ಚು ಜನ ಎಡವುವುದು ಇಲ್ಲಿ. ನಾಗರಹೊಳೆ ಎಂದರೆ ಒಂದು ಜಾಗ, ಒಂದು ಗೇಟು ಅಂದುಕೊಳ್ಳುತ್ತಾರೆ. ಆದರೆ ಅದು 643 ಚದರ ಕಿಲೋಮೀಟರಿನ ಕಾಡು, ಕೊಡಗು ಮತ್ತು ಮೈಸೂರು ಎರಡು ಜಿಲ್ಲೆಗೂ ಚಾಚಿಕೊಂಡಿದೆ. ಸಫಾರಿ ಹೊರಡುವ ಜಾಗ ಮೂರು. ಒಂದರಿಂದ ಇನ್ನೊಂದಕ್ಕೆ ಗಂಟೆಗಟ್ಟಲೆ ದಾರಿ. ಫೋನಿನ ಮ್ಯಾಪ್‌ನಲ್ಲಿ ಬರೀ ‘ನಾಗರಹೊಳೆ’ ಎಂದು ಹಾಕಿದರೆ ಅದು ಕಾಡಿನ ನಡುವಿನ ಊರನ್ನು ತೋರಿಸುತ್ತದೆ. ಬುಕಿಂಗ್ ಒಂದು ಗೇಟಿನದು, ಹೋಗಿ ನಿಂತದ್ದು ಇನ್ನೊಂದರಲ್ಲಿ ಎಂದಾದರೆ ಸಫಾರಿಯೂ ಇಲ್ಲ, ದುಡ್ಡೂ ಇಲ್ಲ.

ವೀರನಹೊಸಹಳ್ಳಿ: ಹುಣಸೂರಿನ ಹತ್ತಿರ. ಮಂಗಳೂರಿನಿಂದ ಮೈಸೂರಿಗೆ ಹೋಗುವ ಹೆದ್ದಾರಿಯಿಂದ ಸ್ವಲ್ಪ ಒಳಗೆ ಹೋದರೆ ಸಿಗುತ್ತದೆ. ಮೊದಲ ಸಲ ಹೋಗುವವರಿಗೆ, ಸಣ್ಣ ಮಕ್ಕಳಿರುವವರಿಗೆ ನಾನು ಇದನ್ನೇ ಹೇಳುವುದು. ಸುತ್ತು ಕಡಿಮೆ, ಮರುದಿನ ಮೈಸೂರೂ ಹತ್ತಿರ.

ದಮ್ಮನಕಟ್ಟೆ: ಎಚ್.ಡಿ. ಕೋಟೆ ತಾಲ್ಲೂಕಿನ ಅಂತರಸಂತೆ ಕಡೆ. ಜನ ‘ಕಬಿನಿ ಸಫಾರಿ’ ಎನ್ನುವುದು ಇದನ್ನು. ಪ್ರಾಣಿ ಕಾಣುವ ವಿಷಯಕ್ಕೆ ಹೆಸರು ಮಾಡಿದ್ದೂ ಇದೇ. ಹುಣಸೂರಿನಿಂದ ಇನ್ನೂ ಒಂದೂವರೆ ಗಂಟೆ ಇಟ್ಟುಕೊಳ್ಳಿ. ಬೇಸಿಗೆಯಲ್ಲಿ ಹೋಗುವುದಾದರೆ, ಸುತ್ತು ಬಳಸಿದರೂ ತೊಂದರೆಯಿಲ್ಲ ಅನ್ನುವುದಾದರೆ ಕಣ್ಣುಮುಚ್ಚಿ ಇದನ್ನೇ ಆರಿಸಿ.

ನಾಣಚ್ಚಿ: ಕೊಡಗಿನ ತುದಿ, ಕುಟ್ಟದ ಬಳಿ. ಮಡಿಕೇರಿ, ಗೋಣಿಕೊಪ್ಪ ದಾಟಿ ಹೋಗಬೇಕು. ಕಾಫಿ ತೋಟದ ಹೋಂಸ್ಟೇಯಲ್ಲಿ ಉಳಿಯುವ ಆಸೆ ಇರುವವರಿಗೆ ಸರಿ. ಮೈಸೂರು ಸೇರಿಸಿಕೊಂಡ ಮೂರು ದಿನದ ಯೋಜನೆಗೆ ಸ್ವಲ್ಪ ಅಡ್ಡದಾರಿ. ಕುಟ್ಟದಿಂದ ಗಡಿ ದಾಟಿದರೆ ತೋಲ್ಪಟ್ಟಿಯಲ್ಲೂ ಸಫಾರಿ ಉಂಟು, ಆದರೆ ಅದು ಕೇರಳದ ವಯನಾಡು ಅಭಯಾರಣ್ಯದ್ದು. ಟಿಕೆಟ್ಟೂ ಬೇರೆ, ನಿಯಮವೂ ಬೇರೆ.

ಇನ್ನೊಂದು ಎಚ್ಚರಿಕೆ. ಹುಣಸೂರಿನಿಂದ ಕುಟ್ಟಕ್ಕೆ ಕಾಡಿನ ಮಧ್ಯೆ ಹೋಗುವ ರಸ್ತೆ ಸಂಜೆ ಆರರಿಂದ ಬೆಳಗ್ಗೆ ಆರರವರೆಗೆ ಬಂದ್. ಮ್ಯಾಪ್ ಇದೇ ಹತ್ತಿರದ ದಾರಿ ಎಂದು ತೋರಿಸುತ್ತಲೇ ಇರುತ್ತದೆ. ಚೆಕ್‌ಪೋಸ್ಟಿನಲ್ಲಿ ಎಷ್ಟು ಕೇಳಿಕೊಂಡರೂ ಬಿಡುವುದಿಲ್ಲ, ಬಿಡಲೂ ಬಾರದು.

3. ಸೀಟು ಬುಕ್ ಮಾಡುವುದು

ಸ್ವಂತ ಕಾರಿನಲ್ಲಿ ಸಫಾರಿ ಮಾಡಲು ಆಗುವುದಿಲ್ಲ. ಅರಣ್ಯ ಇಲಾಖೆಯ ಅಥವಾ ಜಂಗಲ್ ಲಾಡ್ಜಸ್‌ನ ಗಾಡಿಯಲ್ಲೇ ಹೋಗಬೇಕು. ಜಂಗಲ್ ಲಾಡ್ಜಸ್ ಎಂದರೆ ರಾಜ್ಯ ಸರ್ಕಾರದ್ದೇ ರೆಸಾರ್ಟ್ ಸಂಸ್ಥೆ. ಹಾಗಾಗಿ ದಾರಿ ಎರಡು.

ಒಂದು, ಅರಣ್ಯ ಇಲಾಖೆಯ ವೆಬ್‌ಸೈಟಿನಲ್ಲಿ ಸೀಟು ಮಾತ್ರ ತೆಗೆದುಕೊಂಡು, ಉಳಿಯುವುದಕ್ಕೆ ಹುಣಸೂರಿನಲ್ಲೋ ಹತ್ತಿರದ ಹೋಂಸ್ಟೇಯಲ್ಲೋ ರೂಮು ಮಾಡುವುದು. ಖರ್ಚು ಕಡಿಮೆ. ಇಲ್ಲಿ ‘ಜೀಪ್’ ಮತ್ತು ‘ಕ್ಯಾಂಟರ್’ ಎಂಬ ಎರಡು ಪದ ಕಾಣುತ್ತದೆ. ಕ್ಯಾಂಟರ್ ಎಂದರೆ ಮಿನಿ ಬಸ್ಸಿನ ಥರದ್ದು, ಜನ ಜಾಸ್ತಿ, ದರ ಕಡಿಮೆ. ಜೀಪು ತೆರೆದದ್ದು, ಸೀಟು ಕಡಿಮೆ, ದರ ಜಾಸ್ತಿ. ಅಜ್ಜ ಅಜ್ಜಿ ಇದ್ದರೆ ಹತ್ತಿ ಇಳಿಯಲು ಬಸ್ಸೇ ಸುಲಭ.

ಎರಡು, ಜಂಗಲ್ ಲಾಡ್ಜಸ್‌ನ ಪ್ಯಾಕೇಜು. ಕಾರಾಪುರದಲ್ಲಿ ಅವರ ಕಬಿನಿ ರಿವರ್ ಲಾಡ್ಜ್ ಇದೆ. ಮಧ್ಯಾಹ್ನ ಊಟಕ್ಕೆ ಹೋದರೆ ಮರುದಿನದ ತಿಂಡಿವರೆಗೆ ಊಟ, ರೂಮು, ಸಫಾರಿ ಎಲ್ಲ ಅದರಲ್ಲೇ ಬರುತ್ತದೆ. ದುಬಾರಿ, ಸುಳ್ಳು ಹೇಳುವುದಿಲ್ಲ. ಆದರೆ ನಾಲ್ಕು ಜನರ ಸಫಾರಿ, ಊಟ, ರೂಮು ಎಲ್ಲ ಬೇರೆ ಬೇರೆ ಕೂಡಿಸಿ ನೋಡಿ. ಅಂತರ ಅಂದುಕೊಂಡಷ್ಟು ಇರುವುದಿಲ್ಲ. ಖಾಸಗಿ ರೆಸಾರ್ಟಿನವರು ‘ಸಫಾರಿ ನಾವು ಮಾಡಿಸಿಕೊಡ್ತೇವೆ’ ಎಂದರೆ ಮುಂಗಡ ಕೊಡುವ ಮೊದಲು ಎರಡು ಮಾತು ಕೇಳಿ: ಯಾವ ಗೇಟಿನಿಂದ, ಸೀಟು ಖಚಿತವಾಗಿದೆಯಾ. ಕಾಡಂಚಿನ ರಸ್ತೆಯಲ್ಲಿ ಅವರದೇ ಜೀಪಿನಲ್ಲಿ ಒಂದು ಸುತ್ತು ಹಾಕಿಸಿ ಅದನ್ನೇ ಸಫಾರಿ ಎನ್ನುವವರೂ ಇದ್ದಾರೆ.

ಬುಕ್ ಮಾಡುವಾಗ ಇವನ್ನು ನೋಡಿಕೊಳ್ಳಿ:

- ಸಫಾರಿ ನಡೆಯುತ್ತಿದೆಯಾ ಎಂಬುದನ್ನೇ ಮೊದಲು ಖಚಿತ ಮಾಡಿಕೊಳ್ಳಿ. 2025ರ ನವೆಂಬರ್‌ನಲ್ಲಿ ಕಾಡಂಚಿನ ಊರುಗಳಲ್ಲಿ ಹುಲಿ ದಾಳಿಗೆ ಜನ ಬಲಿಯಾದಾಗ ಸರ್ಕಾರ ನಾಗರಹೊಳೆ, ಬಂಡೀಪುರ ಎರಡೂ ಕಡೆ ಸಫಾರಿ ನಿಲ್ಲಿಸಿತ್ತು. ಕಾಳ್ಗಿಚ್ಚಿನ ಭಯ ಇರುವಾಗಲೂ ನಿಲ್ಲಿಸಬಹುದು. ರದ್ದಾದರೆ ದುಡ್ಡು ವಾಪಸು ಬರುತ್ತದಾ ಎಂಬ ಸಾಲನ್ನು ಓದದೆ ಹಣ ಕಟ್ಟಬೇಡಿ.
- ಗುರುತಿನ ಚೀಟಿಯಲ್ಲಿರುವ ಹೆಸರೇ ಬುಕಿಂಗ್‌ನಲ್ಲೂ ಇರಲಿ. ಮೂಲ ಚೀಟಿ ಕೈಯಲ್ಲಿರಲಿ.
- ವಿದೇಶಿ ಪಾಸ್‌ಪೋರ್ಟ್ ಇರುವವರಿಗೆ ದರ ಬೇರೆ, ಬಹಳ ಜಾಸ್ತಿ. ರಜೆಗೆ ಬಂದ ನಿಮ್ಮ ಅಕ್ಕನ ಮಕ್ಕಳು ಅಮೆರಿಕದಲ್ಲೇ ಹುಟ್ಟಿದವರಾದರೆ ಇದು ಲೆಕ್ಕಕ್ಕೆ ಬರುತ್ತದೆ. ಗಲ್ಫಿನಲ್ಲಿದ್ದು ಭಾರತದ್ದೇ ಪಾಸ್‌ಪೋರ್ಟ್ ಇದ್ದರೆ ತೊಂದರೆ ಇಲ್ಲ.
- ದೊಡ್ಡ ಲೆನ್ಸಿನ ಕ್ಯಾಮೆರಾಕ್ಕೆ ಪ್ರತ್ಯೇಕ ಶುಲ್ಕ ಉಂಟು.
- ತೀರಾ ಸಣ್ಣ ಮಗು ಇದ್ದರೆ ಜೀಪಿಗೆ ಬಿಡುತ್ತಾರಾ ಎಂದು ಮೊದಲೇ ಕೇಳಿ.

ಸೀಟು ಖಚಿತವಾದ ಮೇಲೆಯೇ ಮೈಸೂರಿನ ಹೋಟೆಲ್. ಪಾರ್ಕಿಂಗ್ ಇರುವುದನ್ನು ನೋಡಿ, ಅರಮನೆಗೆ ನಡೆದು ಹೋಗುವಷ್ಟು ಹತ್ತಿರ ಇದ್ದರೆ ಒಳ್ಳೆಯದು. ದಸರಾ ಸಮಯ ಮಾತ್ರ ಈ ಮಾತು ನಡೆಯುವುದಿಲ್ಲ. ಆಗ ಹೋಟೆಲೂ ಸಿಗುವುದಿಲ್ಲ, ಸಿಕ್ಕರೂ ದರ ಕೇಳಿದರೆ ತಲೆ ತಿರುಗುತ್ತದೆ.

4. ಶನಿವಾರ: ಘಾಟಿ ಹತ್ತುವುದು

ಮಂಗಳೂರಿನಿಂದ ಮೈಸೂರಿಗೆ ಸುಮಾರು 250 ಕಿಲೋಮೀಟರ್. ಬಿ.ಸಿ. ರೋಡ್ ದಾಟಿ ಮಾಣಿಯಲ್ಲಿ ಬಲಕ್ಕೆ ತಿರುಗಿದರೆ ಪುತ್ತೂರು, ಸುಳ್ಯ, ಸಂಪಾಜೆ, ಮಡಿಕೇರಿ, ಕುಶಾಲನಗರ, ಪಿರಿಯಾಪಟ್ಟಣ, ಹುಣಸೂರು. ಇದೇ 275ನೇ ಹೆದ್ದಾರಿ. ಕಿಲೋಮೀಟರ್ ನೋಡಿ ನಾಲ್ಕು ಗಂಟೆ ಸಾಕು ಅಂದುಕೊಳ್ಳಬೇಡಿ. ಸಂಪಾಜೆಯಿಂದ ಮಡಿಕೇರಿವರೆಗಿನ ತಿರುವುಗಳು ಸಮಯ ತಿನ್ನುತ್ತವೆ.

ಬೆಳಗ್ಗೆ ಐದೂವರೆಗೆ ಮಂಗಳೂರು ಬಿಟ್ಟರೆ ಸುಳ್ಯದಲ್ಲಿ ತಿಂಡಿ, ಹನ್ನೆರಡರ ಆಸುಪಾಸಿಗೆ ಹುಣಸೂರು. ಸಂಜೆ ಸಫಾರಿ ಮೂರರ ಹೊತ್ತಿಗೆ ಹೊರಡುತ್ತದೆ. ಋತು ನೋಡಿ ಅರ್ಧ ಗಂಟೆ ಆಚೀಚೆ ಆಗುವುದುಂಟು. ಗೇಟಿನಲ್ಲಿ ಅರ್ಧ ಗಂಟೆ ಮೊದಲೇ ಇರಬೇಕು. ದಮ್ಮನಕಟ್ಟೆಗಾದರೆ ಇನ್ನೂ ಬೇಗ ಹೊರಡಿ, ಅಥವಾ ಶುಕ್ರವಾರ ರಾತ್ರಿಯೇ ಮಡಿಕೇರಿಗೆ ಹೋಗಿ ಮಲಗಿ. ಉಡುಪಿಯಿಂದ ಹೊರಡುವವರು ಒಂದೂಕಾಲು ಗಂಟೆ ಸೇರಿಸಿಕೊಳ್ಳಿ.

ಘಾಟಿಯಲ್ಲಿ ವಾಂತಿ ಮಾಡುವ ಮಕ್ಕಳಿದ್ದರೆ ಸುಳ್ಯದ ತಿಂಡಿ ಹಗುರವಾಗಿರಲಿ. ಬನ್ಸು, ಗೋಳಿಬಜೆ ಆ ಹೊತ್ತಿಗೆ ಬೇಡ ಮಾರಾಯ್ರೇ. ಎರಡು ಇಡ್ಲಿ ಸಾಕು. ಮಾತ್ರೆ ಕೊಡುವುದಾದರೆ ಘಾಟಿ ಶುರುವಾಗುವ ಅರ್ಧ ಗಂಟೆ ಮೊದಲೇ ಕೊಡಿ, ವಾಂತಿ ಶುರುವಾದ ಮೇಲೆ ಕೊಟ್ಟು ಪ್ರಯೋಜನ ಇಲ್ಲ.

ದಾರಿಯಲ್ಲಿ ಆಸೆ ಹುಟ್ಟಿಸುವ ಜಾಗ ತುಂಬ. ಮಡಿಕೇರಿಯ ರಾಜಾಸೀಟು, ದುಬಾರೆಯ ಆನೆ ಶಿಬಿರ, ಬೈಲುಕುಪ್ಪೆಯ ಟಿಬೆಟಿಯನ್ನರ ಗೋಲ್ಡನ್ ಟೆಂಪಲ್. ಹೋಗುವಾಗ ಒಂದಕ್ಕೂ ನಿಲ್ಲಬೇಡಿ. ‘ಸುಮ್ನೆ ಹತ್ತು ನಿಮಿಷ’ ಎಂದು ಇಳಿದವರು ಮುಕ್ಕಾಲು ಗಂಟೆ ಕಳೆಯುತ್ತಾರೆ, ಮೂರು ಗಂಟೆಗೆ ಪಿರಿಯಾಪಟ್ಟಣದಲ್ಲಿ ಇರುತ್ತಾರೆ. ಗೋಲ್ಡನ್ ಟೆಂಪಲ್ ಹೆದ್ದಾರಿಗೆ ಹತ್ತಿರ, ವಾಪಸು ಬರುವಾಗ ನೋಡಬಹುದು.

ಟ್ಯಾಕ್ಸಿ ಅಥವಾ ಟಿಟಿ (ಟೆಂಪೋ ಟ್ರಾವೆಲರ್) ಮಾಡಿದರೆ ಡ್ರೈವರ್ ಬಾಟಾ ಎಷ್ಟು, ರಾತ್ರಿ ಅವರು ಎಲ್ಲಿ ಮಲಗುತ್ತಾರೆ ಎಂಬುದನ್ನು ಹೊರಡುವ ಮೊದಲೇ ಮಾತಾಡಿ. ಕಾಡಂಚಿನ ರೆಸಾರ್ಟಿನಲ್ಲಿ ಡ್ರೈವರಿಗೆ ಜಾಗ ಇದೆಯಾ ಎಂದು ಕೇಳುವುದನ್ನು ಎಲ್ಲರೂ ಮರೆಯುತ್ತಾರೆ. ರಾತ್ರಿ ನಿದ್ದೆ ಇಲ್ಲದ ಡ್ರೈವರ್ ಜೊತೆ ಮರುದಿನ ಪ್ರಯಾಣ ಯಾರಿಗೆ ಬೇಕು?

5. ಕಾಡಿನ ಒಳಗೆ

ಸಾಧ್ಯವಾದರೆ ಎರಡು ಸಫಾರಿ ಮಾಡಿ, ಶನಿವಾರ ಸಂಜೆ ಒಂದು, ಭಾನುವಾರ ಬೆಳಗ್ಗೆ ಇನ್ನೊಂದು. ಒಂದರಲ್ಲಿ ಬರೀ ಜಿಂಕೆ ಕಂಡರೆ ಇನ್ನೊಂದು ಕೈ ಹಿಡಿಯಬಹುದು. ಬೆಳಗಿನದು ಆರು, ಆರೂವರೆಗೆ ಹೊರಡುತ್ತದೆ. ಮೈಸೂರಿನಲ್ಲಿ ಮಲಗಿ ಬೆಳಗಿನ ಸಫಾರಿಗೆ ಬರುತ್ತೇವೆ ಎನ್ನುವವರಿಗೆ ಒಂದೇ ಮಾತು, ಬೇಡ. ದಮ್ಮನಕಟ್ಟೆ ಮೈಸೂರಿನಿಂದ 70 ಕಿಲೋಮೀಟರಿನ ಮೇಲೆ. ರಾತ್ರಿ ಮೂರೂವರೆಗೆ ಎದ್ದು ಮಕ್ಕಳನ್ನು ಹೊರಡಿಸಬೇಕು. ಜೀಪು ಹತ್ತುವ ಹೊತ್ತಿಗೆ ಅವರು ನಿದ್ದೆಯಲ್ಲಿರುತ್ತಾರೆ.

ಹುಲಿ ಕಾಣುತ್ತದಾ? ಕಾಣಬಹುದು. ನಾಗರಹೊಳೆ 1999ರಿಂದ ಹುಲಿ ಯೋಜನೆಯಲ್ಲಿದೆ, ಹುಲಿಗಳು ಚೆನ್ನಾಗಿಯೇ ಇವೆ. ಆದರೆ ಹುಲಿ ತೋರಿಸಿಯೇ ತೋರಿಸುತ್ತೇನೆ ಎಂದು ಯಾರಾದರೂ ಹೇಳಿದರೆ ಅವರಿಗೆ ದುಡ್ಡು ಕೊಡಬೇಡಿ. ಮಕ್ಕಳಿಗೂ ಮನೆಯಲ್ಲೇ ಹೇಳಿ ಕರೆತನ್ನಿ. ಆನೆ, ಕಾಟಿ, ಕಡವೆ, ಜಿಂಕೆ, ಮುಸುವ, ಸೀಳುನಾಯಿ, ಮರದ ಮೇಲೆ ಕೆಂಜಳಿಲು, ಇವೆಲ್ಲ ಇರುವ ಕಾಡು ಅದು. ಸೀಳುನಾಯಿಗಳು ಗುಂಪಾಗಿ ಬೇಟೆಗೆ ಹೊರಟದ್ದು ಕಂಡರೆ, ನನ್ನ ಪ್ರಕಾರ, ಮಲಗಿದ ಹುಲಿಗಿಂತ ಅದೇ ಮೇಲು.

ಗೈಡ್ ಅಥವಾ ಡ್ರೈವರ್ ‘ಕಾಲ್ ಆಗ್ತಿದೆ’ ಎಂದು ಗಾಡಿ ನಿಲ್ಲಿಸುವುದುಂಟು. ಅಲಾರಂ ಕಾಲ್ ಎಂದರೆ ಜಿಂಕೆ, ಕಡವೆ ಅಥವಾ ಮುಸುವ ಹುಲಿ, ಚಿರತೆಯನ್ನು ಕಂಡಾಗ ಹಾಕುವ ಎಚ್ಚರಿಕೆಯ ಕೂಗು. ಆಗ ಮಾತು ನಿಲ್ಲಿಸಿ. ಇಡೀ ಗಾಡಿ ಹತ್ತು ನಿಮಿಷ ಉಸಿರು ಬಿಗಿ ಹಿಡಿದು ಕೂತಾಗ ಚಿಪ್ಸ್ ಪೊಟ್ಟಣ ಹರಿಯುವವರು ಒಬ್ಬರಾದರೂ ಇರುತ್ತಾರೆ. ಅದು ನೀವಾಗಬೇಡಿ.

ಹಾಕುವ ಬಟ್ಟೆ ಹಸಿರು, ಕಂದು, ಬೂದು ಇರಲಿ. ಬಿಳಿ, ಕೆಂಪು ಬೇಡ, ಸೆಂಟು ಬೇಡ. ತೆರೆದ ಜೀಪಿಗೆ ಸ್ವೆಟರ್, ಕಿವಿಗೆ ಟೋಪಿ. ಮಾರ್ಚ್‌ನಲ್ಲೂ ಬೆಳಗಿನ ಗಾಳಿ ಕೊರೆಯುತ್ತದೆ. ಮೊಬೈಲನ್ನೇ ಕ್ಯಾಮೆರಾ ಮಾಡಿಕೊಳ್ಳುವ ಯೋಚನೆ ಬಿಡಿ. ಹೊರಗೆ ತೆಗೆಯಬೇಡಿ ಎಂದು ಸಿಬ್ಬಂದಿ ಹೇಳಿದರೆ ವಾದಕ್ಕೆ ನಿಲ್ಲಬೇಡಿ. ಎರಡು ಮೂರು ಗಂಟೆ ಗಾಡಿಯಿಂದ ಕೆಳಗೆ ಇಳಿಯಲು ಬಿಡುವುದಿಲ್ಲ, ಹಾಗಾಗಿ ಹತ್ತುವ ಮೊದಲು ಶೌಚಾಲಯಕ್ಕೆ ಹೋಗಿ ಬನ್ನಿ, ಕಾಫಿಯನ್ನು ವಾಪಸು ಬಂದ ಮೇಲೆ ಕುಡಿಯಿರಿ. ಸಕ್ಕರೆ ಕಾಯಿಲೆ ಇರುವ ಹಿರಿಯರ ಜೇಬಿನಲ್ಲಿ ಒಂದೆರಡು ಪೆಪ್ಪರ್‌ಮಿಂಟ್ ಇರಲಿ.

6. ಭಾನುವಾರ: ಮೈಸೂರು

ಬೆಳಗಿನ ಸಫಾರಿ ಮುಗಿಸಿ, ತಿಂಡಿ ತಿಂದು, ಸ್ನಾನ ಮಾಡಿ ಹೊರಟರೆ ಮಧ್ಯಾಹ್ನ ಊಟಕ್ಕೆ ಮೈಸೂರು. ಹುಣಸೂರಿನಿಂದ 45 ಕಿಲೋಮೀಟರ್, ಸಪಾಟು ರಸ್ತೆ. ನೇರ ಅರಮನೆಗೆ ಓಡಬೇಡಿ. ಐದು ಗಂಟೆಗೆ ಎದ್ದ ಮೈ ಅದು. ರೂಮಿನಲ್ಲಿ ಒಂದು ಗಂಟೆ ಅಡ್ಡಾಗಿ, ಮೂರಕ್ಕೆ ಅರಮನೆ ಗೇಟಿನಲ್ಲಿರಿ. ಐದೂವರೆಗೆ ಒಳಗಿನ ನೋಟ ಮುಗಿಯುತ್ತದೆ. ಚಪ್ಪಲಿ ಹೊರಗೆ ಬಿಡಬೇಕು, ಬಿಸಿಲಿನ ದಿನ ಮಕ್ಕಳಿಗೆ ಕಾಲುಚೀಲ ಇರಲಿ.

ಹಳೆಯ ಮರದ ಅರಮನೆ 1897ರಲ್ಲಿ ಸುಟ್ಟುಹೋದ ಮೇಲೆ ಹೆನ್ರಿ ಇರ್ವಿನ್ ಎಂಬ ಬ್ರಿಟಿಷ್ ವಾಸ್ತುಶಿಲ್ಪಿಯ ನಕ್ಷೆಯಂತೆ ಕಟ್ಟಿ, 1912ರಲ್ಲಿ ಮುಗಿಸಿದ ಕಟ್ಟಡ ಇದು. ಇದನ್ನು ತಿಳಿದು ಒಳಗೆ ಹೋದರೆ ಕಬ್ಬಿಣದ ಕಂಬ, ಬಣ್ಣದ ಗಾಜಿನ ಚಾವಣಿ ಯಾಕೆ ಅಷ್ಟೊಂದು ಇದೆ ಎನ್ನುವುದು ಅರ್ಥವಾಗುತ್ತದೆ.

ಅರಮನೆ ಮುಗಿದು ದೀಪ ಹತ್ತುವವರೆಗೆ ಒಂದೂವರೆ ಗಂಟೆ ಉಳಿಯುತ್ತದೆ. ದೇವರಾಜ ಮಾರುಕಟ್ಟೆ ನಡೆದು ಹೋಗುವಷ್ಟು ಹತ್ತಿರ. ಹೂವು, ಕುಂಕುಮದ ರಾಶಿ, ನಂಜನಗೂಡು ರಸಬಾಳೆ ಸಿಕ್ಕರೆ ಬಿಡಬೇಡಿ. ಏಳಕ್ಕೆ ಹತ್ತು ನಿಮಿಷ ಇರುವಾಗ ಅರಮನೆಗೆ ವಾಪಸು ಬನ್ನಿ. ಎಲ್ಲ ಬಲ್ಬೂ ಒಟ್ಟಿಗೆ ಹತ್ತುವ ಆ ಕ್ಷಣಕ್ಕೇ ಜನ ಬರುವುದು, ತಡವಾಗಿ ಹೋದರೆ ಅದು ತಪ್ಪಿಹೋಗುತ್ತದೆ. ಬೃಂದಾವನದ ಕಾರಂಜಿಯನ್ನೂ ಅದೇ ಸಂಜೆ ನೋಡುತ್ತೇವೆ ಎನ್ನುವವರು ಎರಡನ್ನೂ ಅರ್ಧರ್ಧ ನೋಡಿ ಬರುತ್ತಾರೆ. ಒಂದನ್ನು ಬಿಡಿ.

ಕುಚ್ಚಲಕ್ಕಿ ಅನ್ನವೇ ಬೇಕು ಎನ್ನುವ ಹಿರಿಯರಿದ್ದರೆ ಅಲ್ಲಿ ಹುಡುಕುತ್ತಾ ಅಲೆಯಬೇಡಿ. ಮಾರನೇ ಬೆಳಗ್ಗೆ ನಜರ್‌ಬಾದಿನ ಮೈಲಾರಿ ದೋಸೆ ತಿನ್ನಿಸಿ, ಸಮಾಧಾನ ಆಗುತ್ತದೆ.

7. ಸೋಮವಾರ, ಮತ್ತು ಘಾಟಿ ಇಳಿಯುವುದು

ಬೆಳಗ್ಗೆ ಏಳೂವರೆಯೊಳಗೆ ಚಾಮುಂಡಿ ಬೆಟ್ಟ. ಆಷಾಢದ ಶುಕ್ರವಾರಗಳಲ್ಲಿ ಮಾತ್ರ ಆ ಕಡೆ ತಲೆ ಹಾಕಬೇಡಿ, ಸರದಿ ಮುಗಿಯುವುದಿಲ್ಲ. ಮೇಲಿನವರೆಗೆ ಗಾಡಿಯಲ್ಲಿ ಹೋಗಿ, ಬರುವಾಗ ನಂದಿಯವರೆಗೆ ಮೆಟ್ಟಿಲಲ್ಲಿ ಇಳಿದರೆ ಮಂಡಿಗೆ ಸುಸ್ತಾಗುವುದಿಲ್ಲ. ಡ್ರೈವರಿಗೆ ಕಾರನ್ನು ನಂದಿಯ ಹತ್ತಿರ ತರಲು ಹೇಳಿದರೆ ಆಯಿತು.

ಆಮೇಲೆ ಮೃಗಾಲಯ. ಕಾಡು ನೋಡಿದ ಮೇಲೆ ಮೃಗಾಲಯ ಯಾಕೆ ಎಂದು ಕೇಳುವವರಿದ್ದಾರೆ. ಮಕ್ಕಳಿಲ್ಲದಿದ್ದರೆ ನಿಜಕ್ಕೂ ಬೇಡ, ಜಗನ್ಮೋಹನ ಅರಮನೆಯ ಚಿತ್ರಶಾಲೆ ನೋಡಿ. ಮಕ್ಕಳಿದ್ದರೆ ಹೋಗಿ. 1892ರಲ್ಲಿ ಶುರುವಾದ ಜಾಗ, ಒಳ್ಳೆಯ ಮರಗಳ ನೆರಳಿದೆ, ಜಿರಾಫೆ ಇದೆ. ನಮ್ಮ ಪಿಲಿಕುಳ ನೋಡಿದ ಮಕ್ಕಳಿಗೂ ಇದು ಹೊಸದೇ. ನಡೆಯಲು ಬಹಳ ಇದೆ, ಎರಡೂವರೆ ಗಂಟೆ ಬೇಕು.

ಮಧ್ಯಾಹ್ನ ಹನ್ನೆರಡೂವರೆಯ ಒಳಗೆ ಮೈಸೂರು ಬಿಡಿ. ಮೈಸೂರ್ ಪಾಕಿನ ಅಂಗಡಿಗೆ ಕೊನೆಯಲ್ಲಿ ಹೋಗಿ ಎರಡು ಗಂಟೆ ಮಾಡಿಕೊಂಡರೆ ಮಡಿಕೇರಿ ತಲುಪುವಾಗ ಕತ್ತಲಾಗುತ್ತದೆ. ಕತ್ತಲಲ್ಲಿ, ಮಂಜಿನಲ್ಲಿ, ಮೂರು ದಿನ ಸುತ್ತಿ ಸುಸ್ತಾದ ಮೇಲೆ ಸಂಪಾಜೆ ಘಾಟಿ ಇಳಿಯುವುದು ಬೇಡವೇ ಬೇಡ. ತಡವಾಯಿತು ಅನ್ನಿಸಿದರೆ ಗೋಲ್ಡನ್ ಟೆಂಪಲ್ ಬಿಟ್ಟುಬಿಡಿ.

ಕಾರು ಇಲ್ಲದವರಿಗೆ

ಮೈಸೂರಿಗೆ ಕೆ.ಎಸ್.ಆರ್.ಟಿ.ಸಿ. ಬಸ್ಸು ಬೇಕಾದಷ್ಟಿವೆ. ಮುರ್ಡೇಶ್ವರದಿಂದ ಉಡುಪಿ, ಮಂಗಳೂರು ಮೇಲೆ ಮೈಸೂರಿಗೆ ಹೋಗುವ ರಾತ್ರಿ ರೈಲೂ ಇದೆ. ಆದರೆ ಸಫಾರಿ ಗೇಟಿಗೆ ಬಸ್ಸು ನೆಚ್ಚಿಕೊಳ್ಳಬೇಡಿ. ಯೋಜನೆಯನ್ನೇ ತಿರುಗಿಸಿ: ಮೊದಲ ದಿನ ಮೈಸೂರು ಸುತ್ತಿ, ಎರಡನೇ ದಿನ ಬೆಳಗ್ಗೆ ಅಲ್ಲಿಂದ ಟ್ಯಾಕ್ಸಿ ಮಾಡಿ ಕಬಿನಿಗೆ ಹೋಗಿ, ಮೂರನೇ ದಿನ ಬೆಳಗಿನ ಸಫಾರಿ ಮುಗಿಸಿ ಮೈಸೂರಿಗೆ ಬಂದು ರಾತ್ರಿ ಬಸ್ಸು ಹಿಡಿಯಿರಿ.

ಉಡುಪಿ, ಕುಂದಾಪುರದವರಿಗೆ ಇನ್ನೊಂದು ದಾರಿ

ಅರಮನೆ ನೋಡಿಯಾಗಿದೆ, ಘಾಟಿಯ ಉದ್ದ ಪ್ರಯಾಣ ಬೇಡ ಎಂದರೆ ಭದ್ರಾ ಹುಲಿ ಮೀಸಲು ಕಾಡು ಇದೆ. ಆಗುಂಬೆ ಹತ್ತಿ, ತೀರ್ಥಹಳ್ಳಿ, ಶಿವಮೊಗ್ಗ ಮೇಲೆ ಲಕ್ಕವಳ್ಳಿ. ಅಲ್ಲಿ ಜೀಪಿನ ಜೊತೆ ದೋಣಿ ಸಫಾರಿಯೂ ಉಂಟು. ಬೇಸಿಗೆಯಲ್ಲಿ ಭದ್ರಾ ಜಲಾಶಯದ ನಡುಗಡ್ಡೆಗಳ ಮೇಲೆ ರಿವರ್ ಟರ್ನ್ ಹಕ್ಕಿಗಳು ಗುಂಪು ಗುಂಪಾಗಿ ಮೊಟ್ಟೆ ಇಡುತ್ತವೆ, ಹಕ್ಕಿ ನೋಡುವವರಿಗೆ ಹಬ್ಬ. ಶಿವಮೊಗ್ಗದ ಹತ್ತಿರ ಸಕ್ರೆಬೈಲಿನ ಆನೆ ಶಿಬಿರಕ್ಕೆ ಬೆಳಗ್ಗೆಯೇ ಹೋಗಬೇಕು, ಹೊತ್ತು ಏರಿದ ಮೇಲೆ ಆನೆಗಳನ್ನು ಕಾಡಿಗೆ ಬಿಡುತ್ತಾರೆ. ಹೋಗುವುದು ಟಿಟಿ ಅಥವಾ ಅದಕ್ಕಿಂತ ದೊಡ್ಡ ಗಾಡಿಯಲ್ಲಾದರೆ, ಆ ದಿನ ಆಗುಂಬೆ ಘಾಟಿಯಲ್ಲಿ ಬಿಡುತ್ತಾರಾ ಎಂದು ಹೆಬ್ರಿಯಲ್ಲೇ ವಿಚಾರಿಸಿಕೊಂಡು ಮುಂದೆ ಹೋಗಿ.